ಕಿಲೋಮೀಟರ್ ಮುಳ್ಳು, ಮೈಲಿ ರಸ್ತೆ: ಜಪಾನಿನಿಂದ ಬಂದ ಕಾರಿನ ಸ್ಪೀಡೋಮೀಟರ್‌ಗೆ ಯಾವ ದಾರಿ ಒಳ್ಳೆಯದು?

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮವರು ದೊಡ್ಡ ಕಾರು ಹುಡುಕಲು ಹೊರಟರೆ ಒಂದಲ್ಲ ಒಂದು ದಿನ ಜಪಾನಿನಿಂದ ಬಂದ ಸೆಕೆಂಡ್ ಹ್ಯಾಂಡ್ ಗಾಡಿಗಳ ಮುಂದೆ ನಿಲ್ಲುತ್ತಾರೆ. ಟೊಯೋಟಾ ಆಲ್ಫರ್ಡ್, ಎಸ್ಟಿಮಾ, ನಿಸ್ಸಾನ್ ಎಲ್‌ಗ್ರಾಂಡ್, ಮಜ್ದಾ ಬೊಂಗೊ. ಊರಿನಿಂದ ಅಪ್ಪ ಅಮ್ಮ ಬಂದಾಗ ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಕೂರಬಹುದು. ಬಾಗಿಲು ಪಕ್ಕಕ್ಕೆ ಸರಿಯುವುದರಿಂದ ಮಂಡಿನೋವಿನವರಿಗೂ ಹತ್ತಿ ಇಳಿಯುವುದು ಸುಲಭ. ಜಪಾನಿನಲ್ಲೂ ಇಲ್ಲಿನಂತೆ ಎಡಬದಿಯ ಸಂಚಾರವಾದ್ದರಿಂದ ಸ್ಟೀರಿಂಗ್ ಬಲಗಡೆಯೇ ಇರುತ್ತದೆ. ಇಲ್ಲಿಗೆ ಹೊಂದದೆ ಉಳಿಯುವ ಸಂಗತಿಗಳು ಕೆಲವೇ. ಹಿಂಬದಿಯ ಫಾಗ್ ಲ್ಯಾಂಪ್ ಎಷ್ಟೋ ಗಾಡಿಗಳಲ್ಲಿ ಇರುವುದಿಲ್ಲ. ಹಳೆಯ ರೇಡಿಯೋ 90 ಮೆಗಾಹರ್ಟ್ಸ್‌ಗೇ ನಿಂತುಬಿಡುತ್ತದೆ, ಇಲ್ಲಿನ ಎಫ್‌ಎಂ 108ರವರೆಗೆ ಹೋಗುತ್ತದೆ. ಇನ್ನು ಇಲ್ಲಿನ ವೇಗಮಿತಿಯ ಫಲಕಗಳೆಲ್ಲ ಮೈಲಿಯಲ್ಲಿದ್ದರೆ, ಸ್ಪೀಡೋಮೀಟರ್ ಮೇಲೆ ಮೈಲಿಯ ಸುಳಿವೇ ಇಲ್ಲ. ಸೊನ್ನೆಯಿಂದ 180ರ ತನಕ ಬರೀ ಕಿಲೋಮೀಟರ್.

ರೇಡಿಯೋ ಇಲ್ಲದೆ ಓಡಿಸಬಹುದು. ಸ್ಪೀಡೋಮೀಟರ್ ವಿಷಯದಲ್ಲಿ ಒಂದು ತೀರ್ಮಾನಕ್ಕೆ ಬರಲೇಬೇಕು. ಕರ್ನಾಟಕದಲ್ಲಿ ಬೆಳೆದ ನಮಗೆ ಕಿಲೋಮೀಟರ್ ಡಯಲ್ ಅಪರಿಚಿತವಲ್ಲ, ಅಪರಿಚಿತವಾಗಿರುವುದು ರಸ್ತೆ. ಹಾಗಾಗಿ "ಅಭ್ಯಾಸವಾಗಿರೋದೇ ಇದು, ಹೇಗೋ ನಿಭಾಯಿಸ್ತೀವಿ" ಎಂದು ಹೇಳುವವರು ನಮ್ಮಲ್ಲಿ ಹೆಚ್ಚು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧದ ಬಗ್ಗೆ ವಿವರವಾಗಿ ಬರೆಯಬೇಕೆನಿಸಿತು, ಏಕೆಂದರೆ ಮಾರಾಟಗಾರರು ಬೆಲೆ ಮತ್ತು ಅಂದವನ್ನಷ್ಟೇ ಹೋಲಿಸಿ ತೋರಿಸುತ್ತಾರೆ. ಹೋಲಿಸಬೇಕಾದದ್ದು ಬೇರೆಯೇ ಇದೆ.

ತಪ್ಪಿದರೆ ಯಾವ ಕಡೆಗೆ ತಪ್ಪುತ್ತೇವೆ?

ದಣಿದಾಗ, ಮಳೆಯಲ್ಲಿ, ಹಿಂದಿನ ಸೀಟಿನಲ್ಲಿ ಮಗು ಅಳುತ್ತಿದ್ದಾಗ ಯಾರೂ ಲೆಕ್ಕ ಹಾಕುವುದಿಲ್ಲ. ಫಲಕದ ಮೇಲೆ ಕಂಡ ಅಂಕಿಗೆ ಮುಳ್ಳನ್ನು ತಂದು ನಿಲ್ಲಿಸುತ್ತಾರೆ, ಅಷ್ಟೇ. ಆ ಗಳಿಗೆಯಲ್ಲಿ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ.

ಮೈಲಿ ರಸ್ತೆಯಲ್ಲಿ ಕಿಲೋಮೀಟರ್ ಡಯಲ್ ಇದ್ದರೆ: ಫಲಕ 50 ಎನ್ನುತ್ತದೆ, ನೀವು ಮುಳ್ಳನ್ನು 50ಕ್ಕೆ ತರುತ್ತೀರಿ, ಗಾಡಿ ನಿಜವಾಗಿ ಗಂಟೆಗೆ 31 ಮೈಲಿಯಲ್ಲಿ ಓಡುತ್ತದೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಮೋಟಾರ್‌ವೇಯಲ್ಲಾದರೆ ಅದೂ ಅಪಾಯವೇ. ಆದರೆ ತಪ್ಪು ನಿಧಾನದ ಕಡೆಗೆ ಬಿದ್ದಿದೆ.

ಕಿಲೋಮೀಟರ್ ರಸ್ತೆಯಲ್ಲಿ ಮೈಲಿ ಡಯಲ್ ಇದ್ದರೆ: ಫಲಕ 80 ಎನ್ನುತ್ತದೆ, ಮುಳ್ಳು 80ಕ್ಕೆ ಬರುತ್ತದೆ, ಗಾಡಿ ಗಂಟೆಗೆ 129 ಕಿ.ಮೀ.ಯಲ್ಲಿ ಹೋಗುತ್ತಿರುತ್ತದೆ. ಇಲ್ಲಿ ತಪ್ಪು ವೇಗದ ಕಡೆಗೆ ಬಿದ್ದಿದೆ, ಜೀವಕ್ಕೆ ಕುತ್ತು ಬರುವುದೂ ಆ ಕಡೆಯಿಂದಲೇ.

ಈ ಎರಡರ ನಡುವಿನ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಆಯ್ಕೆಗಳನ್ನು ಓದಿ. ಕೆಲವು ಪರಿಹಾರಗಳು ಸುರಕ್ಷಿತವಾಗಿದ್ದ ತಪ್ಪನ್ನು ಅಪಾಯಕರ ತಪ್ಪಾಗಿ ತಿರುಗಿಸಿಬಿಡುತ್ತವೆ, ಅದೂ ದುಡ್ಡು ತೆಗೆದುಕೊಂಡು.

ಕಾನೂನು ಏನು ಹೇಳುತ್ತದೆ

ಬ್ರಿಟನ್ನಿನ 1986ರ ವಾಹನ ನಿರ್ಮಾಣ ಮತ್ತು ಬಳಕೆಯ ನಿಯಮಾವಳಿಯಲ್ಲಿ 35ನೇ ನಿಯಮ ಸ್ಪೀಡೋಮೀಟರ್‌ಗೆ ಸಂಬಂಧಿಸಿದ್ದು. 1984ರ ಏಪ್ರಿಲ್ 1ರಂದು ಅಥವಾ ಆಮೇಲೆ ಮೊದಲ ಬಾರಿಗೆ ಬಳಕೆಗೆ ಬಂದ ಗಾಡಿಯ ಸ್ಪೀಡೋಮೀಟರ್ ಮೈಲಿಯನ್ನೂ ಕಿಲೋಮೀಟರನ್ನೂ ತೋರಿಸುವಂತಿರಬೇಕು. ಎರಡನ್ನೂ ಒಟ್ಟಿಗೆ ತೋರಿಸಬಹುದು, ಇಲ್ಲವೇ ಒಂದು ಸ್ವಿಚ್ ಒತ್ತಿ ಬದಲಾಯಿಸುವಂತೆ ಇರಬಹುದು. 36ನೇ ನಿಯಮದ ಪ್ರಕಾರ ಅದು ಸುಸ್ಥಿತಿಯಲ್ಲಿರಬೇಕು, ಓದಲು ಅಡ್ಡಿಯಾಗುವಂಥದ್ದು ಏನೂ ಅದರ ಮೇಲೆ ಇರಬಾರದು.

ಹತ್ತು ವರ್ಷಕ್ಕಿಂತ ಹೊಸದಾದ ಗಾಡಿಯನ್ನು ಜಪಾನಿನಿಂದ ತಂದು ಇಲ್ಲಿ ನೋಂದಾಯಿಸುವಾಗ ಪ್ರತ್ಯೇಕ ಅನುಮೋದನಾ ಪರೀಕ್ಷೆಗೆ ಒಡ್ಡಬೇಕಾಗುತ್ತದೆ. ಮೈಲಿಯ ಪ್ರಶ್ನೆ ಅಲ್ಲೇ ಎದುರಾಗುತ್ತದೆ. ಅದಕ್ಕಿಂತ ಹಳೆಯ ಗಾಡಿಗಳಿಗೆ ಆ ಪರೀಕ್ಷೆ ಇಲ್ಲ, ಎಂಓಟಿ (ಗಾಡಿ ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರ್ಷಿಕ ಪರೀಕ್ಷೆ) ಮುಗಿಸಿ ನೋಂದಣಿಗೆ ಹೋಗಬಹುದು. ಆದ್ದರಿಂದ ಹಳೆಯ ಆಲ್ಫರ್ಡ್‌ಗಳು ಬರೀ ಕಿಲೋಮೀಟರ್ ಡಯಲ್‌ನೊಂದಿಗೆ ಕೈ ಬದಲಾಯಿಸುವುದು ಹೆಚ್ಚು. "ಎಂಓಟಿ ಪಾಸಾಗಿದೆಯಲ್ಲ" ಎಂದು ಮಾರುವವರು ಹೇಳಿದರೆ ಅದನ್ನು 35ನೇ ನಿಯಮದ ಉತ್ತರವೆಂದು ತಿಳಿಯಬೇಡಿ.

ನಮ್ಮವರಿಗೆ ಇನ್ನೊಂದು ಕಾಳಜಿ ಇದೆ. ಭಾರತದ ಲೈಸೆನ್ಸ್‌ನಲ್ಲಿ ಇಲ್ಲಿ ಒಂದು ವರ್ಷ ಓಡಿಸಬಹುದು, ಆಮೇಲೆ ಇಲ್ಲಿನ ಪರೀಕ್ಷೆ ಬರೆದು ಹೊಸ ಲೈಸೆನ್ಸ್ ಪಡೆಯಬೇಕು. ಆ ಹೊಸ ಲೈಸೆನ್ಸ್‌ನ ಮೊದಲ ಎರಡು ವರ್ಷದಲ್ಲಿ ತಪ್ಪಿಗಾಗಿ ಲೈಸೆನ್ಸ್ ಮೇಲೆ ಹಾಕುವ ದಂಡದ ಪಾಯಿಂಟ್ 6 ಬಿದ್ದರೆ ಲೈಸೆನ್ಸೇ ರದ್ದು. ವೇಗ ಮೀರಿದ್ದಕ್ಕೆ ಕನಿಷ್ಠ ದಂಡ 100 ಪೌಂಡ್ ಮತ್ತು 3 ಪಾಯಿಂಟ್. ಎಂದರೆ ಎರಡು ಸಲ ಕ್ಯಾಮೆರಾಕ್ಕೆ ಸಿಕ್ಕರೆ ಮತ್ತೆ ಎಲ್ ಬೋರ್ಡ್. ಊರಿನಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿದವರಿಗೂ ಈ ಲೆಕ್ಕದಲ್ಲಿ ವಿನಾಯಿತಿ ಇಲ್ಲ.

ತಲೆಯಲ್ಲೇ ಲೆಕ್ಕ: ಹದಿನಾರರ ಮಗ್ಗಿ

ಒಂದು ಮೈಲಿ ಎಂದರೆ 1.609344 ಕಿ.ಮೀ. ಇದನ್ನು 1.6 ಎಂದು ಹಿಡಿದರೆ ಸಾಕು. ಬ್ರಿಟನ್ನಿನ ವೇಗಮಿತಿಗಳೆಲ್ಲ ಹೆಚ್ಚುಕಡಿಮೆ ಹತ್ತರ ಲೆಕ್ಕದಲ್ಲಿವೆ: 20, 30, 40, 50, 60, 70. ಮೊದಲ ಅಂಕಿಯನ್ನು ಹದಿನಾರರಿಂದ ಗುಣಿಸಿದರೆ ಕಿಲೋಮೀಟರ್ ಸಿಕ್ಕಿತು. ಹದಿನಾರೆರಡ್ಲ ಮೂವತ್ತೆರಡು, ಹದಿನಾರ್ಮೂರ್ಲ ನಲವತ್ತೆಂಟು, ಅರವತ್ನಾಲ್ಕು, ಎಂಬತ್ತು, ತೊಂಬತ್ತಾರು, ನೂರಾ ಹನ್ನೆರಡು. ಕನ್ನಡ ಶಾಲೆಯಲ್ಲಿ ಮಗ್ಗಿ ಒಪ್ಪಿಸಿದವರಿಗೆ ಇದು ಬಾಯಲ್ಲೇ ಇರುತ್ತದೆ.

ಈ ಮಗ್ಗಿಯಲ್ಲಿ ಒಂದು ಒಳ್ಳೆಯ ಗುಣವಿದೆ. 30 ಮೈಲಿ ಎಂದರೆ ಕರಾರುವಾಕ್ಕಾಗಿ 48.28 ಕಿ.ಮೀ., ಮಗ್ಗಿ ಕೊಡುವುದು 48. 70ಕ್ಕೆ 112.65, ಮಗ್ಗಿಯಲ್ಲಿ 112. ಪ್ರತಿ ಸಲವೂ ಉತ್ತರ ಮಿತಿಯ ಒಳಗೇ ಇರುತ್ತದೆ. ತಿರುಗಾಮುರುಗಾ ಮಾಡಿದರೆ ಮಾತ್ರ ಕೆಡುತ್ತದೆ. ಡಯಲ್ ನೋಡಿ "ಕಿಲೋಮೀಟರಿನ ಶೇ. 60 ಮೈಲಿ" ಎಂದು ಲೆಕ್ಕ ಹಾಕುವವರು ಬಹಳ ಜನ. ಡಯಲ್ ಮೇಲೆ 120 ಇದ್ದರೆ ಅವರ ಲೆಕ್ಕಕ್ಕೆ 72 ಮೈಲಿ ಸಿಗುತ್ತದೆ, ನಿಜವಾಗಿ ಅದು 74.6. ಹೀಗಾಗಿ ಲೆಕ್ಕವನ್ನು ಯಾವಾಗಲೂ ಫಲಕದಿಂದ ಡಯಲ್ ಕಡೆಗೆ ಮಾಡಿ. ಡಯಲ್‌ನಿಂದ ಫಲಕದ ಕಡೆಗೆ ಬೇಡ.

ಡಯಲ್‌ಗಳು ಸಾಮಾನ್ಯವಾಗಿ ನಿಜವೇಗಕ್ಕಿಂತ ತುಸು ಹೆಚ್ಚೇ ತೋರಿಸುತ್ತವೆ ಎಂಬುದೂ ನೆರವಿಗೆ ಬರುತ್ತದೆ. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಸ್ಪೀಡೋಮೀಟರ್ ನಿಜವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸುವುದಾದರೆ ನಿಜವೇಗದ ಹತ್ತನೇ ಒಂದು ಭಾಗಕ್ಕೆ 4 ಕಿ.ಮೀ. ಸೇರಿಸಿದಷ್ಟರವರೆಗೆ ಅವಕಾಶವಿದೆ. ಚಕ್ರದ ಅಳತೆ ಬದಲಾಯಿಸಿದ ಗಾಡಿಗಳಲ್ಲಿ ಈ ಭರವಸೆ ಉಳಿಯುವುದಿಲ್ಲ. ಜಪಾನಿನಲ್ಲಿ ಆಲ್ಫರ್ಡ್‌ಗಳಿಗೆ ದೊಡ್ಡ ಅಲಾಯ್ ವೀಲ್ ಹಾಕಿಸುವ ಶೋಕಿ ಇದೆ. ಟೈರ್ ಪಕ್ಕದಲ್ಲಿ ಬರೆದ ಅಳತೆಯನ್ನು ಬಾಗಿಲಿನ ಚೌಕಟ್ಟಿನ ಸ್ಟಿಕರ್ ಮೇಲಿನ ಅಳತೆಯೊಂದಿಗೆ ಹೋಲಿಸಿ ನೋಡಿ.

ಮಗ್ಗಿ ಎಲ್ಲಿ ಸೋಲುತ್ತದೆ? ಅಂಕಿಯೇ ಇಲ್ಲದ ಫಲಕದ ಮುಂದೆ. ಬಿಳಿಯ ವೃತ್ತ, ಅಡ್ಡ ಒಂದು ಕಪ್ಪು ಪಟ್ಟೆ: ರಾಷ್ಟ್ರೀಯ ವೇಗಮಿತಿ. ನಡುವೆ ವಿಭಜಕವಿಲ್ಲದ ರಸ್ತೆಯಾದರೆ 60, ವಿಭಜಕವಿದ್ದರೆ 70. ರಸ್ತೆ ಯಾವ ಬಗೆಯದೆಂದು ನೋಡಿ, ಅಂಕಿ ನೆನಪಿಸಿಕೊಂಡು, ಆಮೇಲೆ ಮಗ್ಗಿಗೆ ಹೋಗಬೇಕು. ಅಷ್ಟರಲ್ಲಿ ತಿರುವು ಬಂದಿರುತ್ತದೆ. ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರ್ 17ರಿಂದ ಊರೊಳಗಿನ ಹೆಚ್ಚಿನ ರಸ್ತೆಗಳಲ್ಲಿ ಮಿತಿ 30ರಿಂದ 20ಕ್ಕೆ ಇಳಿದಿದೆ. ಗಡಿ ದಾಟಿದ ಮೇಲೂ ತಲೆಯಲ್ಲಿ 48 ಎಂಬ ಹಳೆಯ ಅಂಕಿಯೇ ಕೂತಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ತೊಡಕು ಮನೆಯಲ್ಲಿ ಎರಡು ಕಾರು ಇದ್ದಾಗ. ಗಂಡ ಕೆಲಸಕ್ಕೆ ಮೈಲಿ ಡಯಲ್ ಕಾರು ಒಯ್ಯುತ್ತಾನೆ, ಹೆಂಡತಿ ಮಕ್ಕಳನ್ನು ಆಲ್ಫರ್ಡ್‌ನಲ್ಲಿ ಶಾಲೆಗೆ ಬಿಡುತ್ತಾಳೆ, ವಾರಾಂತ್ಯದಲ್ಲಿ ಅದಲುಬದಲು. ಆಲ್ಫರ್ಡ್‌ನಲ್ಲಿ 48ಕ್ಕೆ ಒಗ್ಗಿದ ಕಣ್ಣು ಇನ್ನೊಂದು ಕಾರಿನಲ್ಲೂ 48 ಹುಡುಕಿದರೆ 30ರ ಬೀದಿಯಲ್ಲಿ 48 ಮೈಲಿ ವೇಗವಾಯಿತು. ಮೊದಲ ತಿಂಗಳಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ. ಅಭ್ಯಾಸ ಗಟ್ಟಿಯಾದ ಮೇಲೆ ಈ ಅಪಾಯ ಶುರುವಾಗುತ್ತದೆ. ಒಂದೇ ಕಾರು, ಒಬ್ಬರೇ ಚಾಲಕರು, ಬೇರೆ ಪರಿಹಾರ ಸಿದ್ಧವಾಗುವವರೆಗೆ ಕೆಲವು ವಾರ: ಅಷ್ಟಕ್ಕೆ ಮಗ್ಗಿ ಸಾಕು. ಅದೇ ಶಾಶ್ವತ ಪರಿಹಾರವಾಗಬಾರದು.

ಮೀಟರ್ ಗಾಜಿನ ಮೇಲೆ 32, 48, 64ರ ಎದುರಿಗೆ ಬಣ್ಣದ ಚಿಕ್ಕ ಚುಕ್ಕಿ ಅಂಟಿಸುವ ಉಪಾಯವೂ ಇದೆ. ತಾತ್ಕಾಲಿಕವಾಗಿ ಪರವಾಗಿಲ್ಲ. ಗಾಜಿಗೂ ಮುಳ್ಳಿಗೂ ನಡುವೆ ಅಂತರ ಇರುವುದರಿಂದ ಎತ್ತರದವರಿಗೆ ಚುಕ್ಕಿ ಒಂದು ಕಡೆ, ಕುಳ್ಳಗಿರುವವರಿಗೆ ಇನ್ನೊಂದು ಕಡೆ ಕಾಣಿಸುತ್ತದೆ.

ಡಯಲ್‌ನ ಮುಖ ಬದಲಾಯಿಸುವುದು

ನನ್ನ ಮೊದಲ ಆಯ್ಕೆ ಇದು, ಮುಳ್ಳಿರುವ ಡಯಲ್ ಯಾವುದೇ ಇರಲಿ. ಮೂಲ ಡಯಲ್ ಮೇಲೆ ಕೂರುವ ತೆಳುವಾದ ಅಚ್ಚಿನ ಹಾಳೆ ಮಾದರಿವಾರು ಸಿಗುತ್ತದೆ. ಅದರ ಮೇಲೆ ಮೈಲಿ ಅಂಕಿಗಳು ದೊಡ್ಡದಾಗಿ, ಕಿಲೋಮೀಟರ್ ಅಂಕಿಗಳು ಒಳಸುತ್ತಿನಲ್ಲಿ ಚಿಕ್ಕದಾಗಿ ಇರುತ್ತವೆ. ಮುಳ್ಳು ಮೊದಲಿನಂತೆಯೇ ಓಡುತ್ತದೆ, ಅದರ ಹಿಂದಿನ ಬರಹ ಮಾತ್ರ ಬದಲು. ಯಾವ ವೈರನ್ನೂ ಕತ್ತರಿಸುವುದಿಲ್ಲ, ಎಂಜಿನ್ ಕಂಪ್ಯೂಟರ್‌ಗೆ ಗೊತ್ತೇ ಆಗುವುದಿಲ್ಲ, ಓಡಿದ ದೂರ ಎಣಿಸುವ ಓಡೋಮೀಟರ್ ಜಪಾನಿನಲ್ಲಿ ಎಣಿಸುತ್ತಿದ್ದಂತೆ ಕಿಲೋಮೀಟರನ್ನೇ ಎಣಿಸುತ್ತಿರುತ್ತದೆ. ಎರಡೂ ಅಳತೆ ಒಂದೇ ಮುಖದ ಮೇಲಿರುವುದರಿಂದ 35ನೇ ನಿಯಮಕ್ಕೂ ನೇರ ಉತ್ತರ.

ಯಾರು ಕೂತರೂ ತಪ್ಪಾಗದು ಎಂಬುದು ಇದರ ದೊಡ್ಡ ಬಲ. ಗ್ಯಾರೇಜಿನ ಹುಡುಗ, ಸ್ನೇಹಿತ, ಮುಂದೆ ಕೊಳ್ಳುವವರು, ಯಾರಿಗೂ ಏನನ್ನೂ ವಿವರಿಸಬೇಕಾಗಿಲ್ಲ. ಡಯಲ್ 30 ಎಂದರೆ 30 ಮೈಲಿ.

ಕಷ್ಟ ಇರುವುದು ಕೂರಿಸುವ ಕೆಲಸದಲ್ಲಿ. ಮೀಟರನ್ನು ಪೂರ್ತಿ ಹೊರತೆಗೆದು, ಗಾಜು ಬಿಚ್ಚಬೇಕು. ಕೆಲವು ಹಾಳೆಗಳಲ್ಲಿ ಸೀಳು ಇರುತ್ತದೆ, ಮುಳ್ಳಿನ ಅಡಿಯಿಂದ ತೂರಿಸಬಹುದು. ಉಳಿದವಕ್ಕೆ ಮುಳ್ಳನ್ನೇ ಕೀಳಬೇಕು. ಕಿತ್ತ ಮುಳ್ಳನ್ನು ಒಂದು ಗೀಟು ಆಚೆ ಈಚೆ ಕೂರಿಸಿದರೂ ಪ್ರತಿ ವೇಗದಲ್ಲೂ ಆ ತಪ್ಪು ಉಳಿಯುತ್ತದೆ. ಹಾಗಾಗಿ ಕೆಲಸ ಮುಗಿದ ಮೇಲೆ ನೇರವಾದ ರಸ್ತೆಯಲ್ಲಿ, ಪಕ್ಕದಲ್ಲಿ ಕೂತವರ ಕೈಯಲ್ಲಿ ಜಿಪಿಎಸ್ ವೇಗ ತೋರಿಸುವ ಫೋನ್ ಕೊಟ್ಟು, 30ರಲ್ಲೂ 60ರಲ್ಲೂ ಹೋಲಿಸಿ ನೋಡಲೇಬೇಕು. ಡಯಲ್ ಜಿಪಿಎಸ್‌ಗಿಂತ ತುಸು ಹೆಚ್ಚು ತೋರಿಸಿದರೆ ಸರಿ. ಕಡಿಮೆ ತೋರಿಸಿದರೆ ಮತ್ತೆ ಬಿಚ್ಚಿಸಿ.

ರಾತ್ರಿಯ ಬೆಳಕನ್ನೂ ಮರೆಯಬೇಡಿ. ಹಿಂದಿನಿಂದ ಬಲ್ಬ್ ಬೆಳಗುವ ಡಯಲ್‌ಗೆ ಬೆಳಕು ಹಾಯುವ ಹಾಳೆಯೇ ಬೇಕು. ಟೊಯೋಟಾದ ಆಪ್ಟಿಟ್ರಾನ್ ಮಾದರಿಯ, ಇಗ್ನಿಷನ್ ಹಾಕುವವರೆಗೂ ಪೂರ್ತಿ ಕಪ್ಪಾಗಿ ಕಾಣುವ ಮೀಟರ್‌ಗಳಿಗೆ ಸಾಧಾರಣ ಹಾಳೆ ಒಗ್ಗುವುದಿಲ್ಲ; ಅದೇ ಮಾದರಿಗೆಂದು ಮಾಡಿದ್ದನ್ನೇ ಹುಡುಕಬೇಕು. ಹಾಳೆಯ ಬೆಲೆ ಹತ್ತಾರು ಪೌಂಡ್. ಮುಳ್ಳು ಕಿತ್ತು ಕೂರಿಸುವ ಕೈ ನಂಬಿಗಸ್ತರದ್ದಾಗಿರಬೇಕು, ಅಲ್ಲಿ ಜಿಪುಣತನ ಬೇಡ.

ಚಿಪ್: ಎಲ್ಲರೂ ಹೇಳುವ ದಾರಿ, ನಾನು ಅನುಮಾನಿಸುವ ದಾರಿ

ಗೇರ್‌ಬಾಕ್ಸ್‌ನಿಂದ ಸ್ಪೀಡೋಮೀಟರ್‌ಗೆ ಹೋಗುವ ವೈರಿನಲ್ಲಿ ವೇಗದ ಸುದ್ದಿ ಮಿಡಿತಗಳ ರೂಪದಲ್ಲಿ ಹರಿಯುತ್ತದೆ. ಜಪಾನಿನ ಹಳೆಯ ಲೆಕ್ಕದಲ್ಲಿ ಕೇಬಲ್ ಒಂದು ಕಿಲೋಮೀಟರಿಗೆ 637 ಸುತ್ತು ತಿರುಗಬೇಕು. ಎಲೆಕ್ಟ್ರಾನಿಕ್ ಗಾಡಿಗಳು ಬಂದಾಗ ಒಂದು ಸುತ್ತಿಗೆ ನಾಲ್ಕು ಮಿಡಿತದಂತೆ 2548 ಎಂಬ ಲೆಕ್ಕ ಬಂತು. ಚಿಪ್ ಮಾಡುವುದಿಷ್ಟೇ: ಆ ಮಿಡಿತಗಳನ್ನು 0.62ರಷ್ಟಕ್ಕೆ ಇಳಿಸಿ ಮುಂದಕ್ಕೆ ಕಳಿಸುತ್ತದೆ. ಗಂಟೆಗೆ 60 ಮೈಲಿಯಲ್ಲಿ ಹೋಗುವಾಗ 97ರಲ್ಲಿರಬೇಕಿದ್ದ ಮುಳ್ಳು 60ರಲ್ಲಿ ನಿಲ್ಲುತ್ತದೆ. ಕೇಬಲ್ ಇರುವ ಇನ್ನೂ ಹಳೆಯ ಗಾಡಿಗಳಿಗೆ ಇದೇ ಕೆಲಸ ಮಾಡುವ ಪುಟ್ಟ ಗೇರ್ ಪೆಟ್ಟಿಗೆ ಸಿಗುತ್ತದೆ.

ಕೇಳಲು ಅಚ್ಚುಕಟ್ಟು. ಆಮದು ಮಾಡುವವರು ಇದನ್ನೇ ಹಾಕಿಸಿ "ಮೈಲಿಗೆ ಬದಲಾಯಿಸಿದೆ" ಎಂದು ಮಾರುವುದು ಉಂಟು. ನನಗೆ ಇದರಲ್ಲಿ ಮೂರು ತಕರಾರುಗಳಿವೆ.

ದೊಡ್ಡದು ಮೊದಲು. ಮುಖ ಬದಲಾಯಿಸದೆ ಚಿಪ್ ಮಾತ್ರ ಹಾಕಿದರೆ ಡಯಲ್ ಮೇಲೆ ಕಿ.ಮೀ. ಎಂದೇ ಬರೆದಿರುತ್ತದೆ, ಮುಳ್ಳು ಮಾತ್ರ ಮೈಲಿ ತೋರಿಸುತ್ತಿರುತ್ತದೆ. ವಿಷಯ ಗೊತ್ತಿಲ್ಲದ ಒಬ್ಬರು, ಉದಾಹರಣೆಗೆ ವಾರಾಂತ್ಯಕ್ಕೆ ಗಾಡಿ ಪಡೆದ ಭಾವಮೈದುನ, ಜಾಣತನದಿಂದಲೇ ಮಗ್ಗಿ ಹಾಕಿ 30ರ ಬೀದಿಯಲ್ಲಿ ಮುಳ್ಳನ್ನು 48ಕ್ಕೆ ತರುತ್ತಾರೆ. ಗಾಡಿ 48 ಮೈಲಿಯಲ್ಲಿ ಶಾಲೆಯ ಮುಂದೆ ಹಾಯುತ್ತದೆ. ನಿಧಾನದ ಕಡೆಗೆ ಬೀಳುತ್ತಿದ್ದ ತಪ್ಪು ವೇಗದ ಕಡೆಗೆ ತಿರುಗಿತು. ಲೆಕ್ಕ ಗೊತ್ತಿರುವವರೇ ಹೆಚ್ಚು ಅಪಾಯಕ್ಕೆ ಸಿಲುಕುವ ವ್ಯವಸ್ಥೆ ಇದು. "ಮೈಲಿ" ಎಂದು ಒಂದು ಸ್ಟಿಕರ್ ಅಂಟಿಸುತ್ತಾರೆ ನಿಜ. ಬಿಸಿಲಿಗೆ ಒಣಗಿ ಅದು ಉದುರಿದ ದಿನ ಗಾಡಿಯ ವಿಷಯ ಹೇಳಲು ಅಲ್ಲಿ ಏನೂ ಉಳಿಯುವುದಿಲ್ಲ.

ಎರಡನೆಯದನ್ನು ಯಾರೂ ಹೇಳುವುದಿಲ್ಲ. 180ರವರೆಗಿನ ಡಯಲ್ ಈಗ 180 ಮೈಲಿಯ ಡಯಲ್ ಆಯಿತು, ಮುಳ್ಳಿಗೆ ಅದರ ಅರ್ಧವೂ ಬೇಕಾಗುವುದಿಲ್ಲ. ಮುಖ ಬದಲಾಯಿಸಿದ ಡಯಲ್‌ನಲ್ಲಿ 20 ಮೈಲಿಗೂ 30 ಮೈಲಿಗೂ ನಡುವೆ 16 ಕಿ.ಮೀ.ಯಷ್ಟು ಜಾಗ ಇರುತ್ತದೆ. ಚಿಪ್ ಹಾಕಿದರೆ ಅದೇ ಜಾಗ 10ಕ್ಕೆ ಕುಗ್ಗುತ್ತದೆ. ಮಕ್ಕಳು ಓಡಾಡುವ ಬೀದಿಗಳಲ್ಲಿ, 20ಕ್ಕೂ 24ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಬೇಕಾದ ಕಡೆಯಲ್ಲೇ ಮುಳ್ಳಿನ ಚಲನೆ ಕಿರಿದಾಗುತ್ತದೆ.

ಮೂರನೆಯದು ಯಂತ್ರಕ್ಕೆ ಸಂಬಂಧಿಸಿದ್ದು. ಎಷ್ಟೋ ಜಪಾನಿ ಗಾಡಿಗಳಲ್ಲಿ ವೇಗದ ಮಿಡಿತ ಸ್ಪೀಡೋಮೀಟರ್ ಮೂಲಕವೇ ಎಂಜಿನ್ ಕಂಪ್ಯೂಟರ್‌ಗೂ ಪವರ್ ಸ್ಟೀರಿಂಗ್‌ಗೂ ಕ್ರೂಸ್ ಕಂಟ್ರೋಲ್‌ಗೂ ಹೋಗುತ್ತದೆ. ಚಿಪ್ ಕೂತ ಜಾಗ ತಪ್ಪಾದರೆ ಇವೆಲ್ಲಕ್ಕೂ ಗಾಡಿ ನಿಧಾನವಾಗಿ ಹೋಗುತ್ತಿದೆ ಎಂಬ ಸುಳ್ಳು ಸುದ್ದಿ ಮುಟ್ಟುತ್ತದೆ. ವೇಗ ಹೆಚ್ಚಾದಾಗ ಗಟ್ಟಿಯಾಗಬೇಕಿದ್ದ ಸ್ಟೀರಿಂಗ್ ಸಡಿಲವಾಗಿಯೇ ಉಳಿಯಬಹುದು. ಕ್ಯಾನ್ ಬಸ್ (ಗಾಡಿಯ ಕಂಪ್ಯೂಟರ್‌ಗಳೆಲ್ಲ ಸುದ್ದಿ ಹಂಚಿಕೊಳ್ಳುವ ಒಂದೇ ಜಾಲ) ಇರುವ ಹೊಸ ಗಾಡಿಗಳಿಗೆ ಒಂದು ವೈರಿನ ಚಿಪ್ ಸಾಲದು. ಆ ಮಾದರಿಗೆಂದೇ ಮಾಡಿದ ಪರಿವರ್ತಕ ಬೇಕು.

ಹಾಗಾದರೆ ಚಿಪ್ ಯಾವಾಗ ಸರಿ? ವೇಗವನ್ನು ಅಂಕಿಗಳಲ್ಲೇ ತೋರಿಸುವ ಡಿಜಿಟಲ್ ಮೀಟರ್ ಇದ್ದು, ಮೆನುವಿನಲ್ಲಿ ಮೈಲಿಯ ಆಯ್ಕೆ ಇಲ್ಲದಿದ್ದರೆ. ಅಲ್ಲಿ ಬದಲಾಯಿಸಲು ಮುಖವೇ ಇಲ್ಲ. ಎಸ್ಟಿಮಾದಂಥ ಗಾಡಿಗಳಲ್ಲಿ ಇದೇ ಪರಿಸ್ಥಿತಿ ಬರಬಹುದು. ಆಗಲೂ ಎರಡು ಷರತ್ತು ಹಾಕಿ: ಚಿಪ್ ಮೀಟರ್‌ಗೆ ಮಾತ್ರ ತಾಗಬೇಕು, ಉಳಿದ ಕವಲುಗಳಿಗೆ ಮೂಲ ಮಿಡಿತವೇ ಹೋಗಬೇಕು, ಕಿ.ಮೀ. ಎಂಬ ಬರಹವನ್ನು ಪೂರ್ತಿ ಮುಚ್ಚಿ ಮೈಲಿ ಎಂದು ಶಾಶ್ವತವಾಗಿ ಬರೆಸಬೇಕು. ಕಿಲೋಮೀಟರ್ ತೋರಿಸುವ ಸ್ವಿಚ್ ಇರುವ ಚಿಪ್ ಸಿಕ್ಕರೆ ಕಾನೂನಿನ ಕಡೆಯಿಂದಲೂ ನೆಮ್ಮದಿ.

ಇತ್ತೀಚಿನ ಗಾಡಿಗಳಲ್ಲಿ ಮೆನುವಿನಲ್ಲೇ ಅಳತೆ ಬದಲಾಯಿಸುವ ಆಯ್ಕೆ ಇದ್ದರೆ ಇದೆಲ್ಲ ತಲೆನೋವೇ ಬೇಡ. ಕೊಳ್ಳುವ ಮುನ್ನ ಆ ಮೆನು ತೆಗೆಸಿ ನೋಡಿ, "ಇರುತ್ತದೆ" ಎಂಬ ಮಾತನ್ನು ನಂಬಬೇಡಿ. ಬ್ರಿಟನ್ನಿನಲ್ಲೂ ಮಾರಾಟವಾದ ಮಾದರಿಯಾದರೆ ಇಲ್ಲಿನ ಗುಜರಿಯಿಂದ ಮೈಲಿ ಮೀಟರನ್ನೇ ತಂದು ಪೂರ್ತಿ ಬದಲಾಯಿಸುವುದೂ ಸಾಧ್ಯ. ಓದಲು ಅದು ಅತ್ಯುತ್ತಮ. ಆದರೆ ಬೇರೆ ಗಾಡಿಯ ಓಡೋಮೀಟರ್ ನಿಮ್ಮ ಗಾಡಿಗೆ ಬಂದು ಕೂರುತ್ತದೆ, ಅದನ್ನು ಮುಚ್ಚಿಟ್ಟು ಮಾರುವುದು ಅಪರಾಧ.

ಜಿಪಿಎಸ್ ಮತ್ತು ಗಾಜಿನ ಮೇಲಿನ ಅಂಕಿ

ಡ್ಯಾಶ್‌ಬೋರ್ಡ್ ಮೇಲೆ ಇಡುವ ಜಿಪಿಎಸ್ ಸ್ಪೀಡೋಮೀಟರ್, ಗಾಜಿನ ಮೇಲೆ ಅಂಕಿ ಬೀಳಿಸುವ ಸಾಧನ, ಫೋನಿನ ನಕ್ಷೆ: ಮೂರೂ ನಿಜವೇಗಕ್ಕೆ ಬಹಳ ಹತ್ತಿರದ ಅಂಕಿ ತೋರಿಸುತ್ತವೆ, ಟೈರ್ ಅಳತೆ ಬದಲಾಗಿದ್ದರೂ ತಪ್ಪುವುದಿಲ್ಲ. ಜೊತೆಗಾರನಾಗಿ ಇದು ಬಹಳ ಒಳ್ಳೆಯದು, ನಾನು ಎಲ್ಲರಿಗೂ ಹೇಳುತ್ತೇನೆ.

ಇದನ್ನೊಂದನ್ನೇ ನಂಬಿ ಡಯಲ್ ಹಾಗೇ ಬಿಡುವುದು ಸರಿಯಲ್ಲ. ಬ್ರೇಕ್ ಹಾಕಿದಾಗ ಅಂಕಿ ಒಂದೆರಡು ಗಳಿಗೆ ತಡವಾಗಿ ಇಳಿಯುತ್ತದೆ. ಸುರಂಗದಲ್ಲಿ ಉಪಗ್ರಹ ಸಿಗುವುದಿಲ್ಲ. ಲಂಡನ್ನಿನ ಪೂರ್ವದಲ್ಲಿ ಥೇಮ್ಸ್ ನದಿಯ ಅಡಿಯಲ್ಲಿ ಹಾಯುವ ಡಾರ್ಟ್‌ಫರ್ಡ್ ಸುರಂಗದಂಥ ಕಡೆ ಕಣ್ಣು ಹೇಗೂ ಡಯಲ್ ಕಡೆಗೇ ಹೋಗಬೇಕು. ಫೋನನ್ನು ಕೈಯಲ್ಲಿ ಹಿಡಿದರೆ 200 ಪೌಂಡ್ ದಂಡ, 6 ಪಾಯಿಂಟ್. ಹೊಸ ಲೈಸೆನ್ಸ್‌ನವರಿಗೆ ಒಂದೇ ಏಟಿಗೆ ಲೈಸೆನ್ಸ್ ಹೋಯಿತು. ಸ್ಟ್ಯಾಂಡ್‌ನಲ್ಲಿ ಇಟ್ಟರೂ ರಸ್ತೆಯ ನೋಟಕ್ಕೆ ಅಡ್ಡ ಬರಬಾರದು. ಡಯಲ್ ಒಂದು ಅಂಕಿ, ಗಾಜಿನ ಮೇಲೆ ಇನ್ನೊಂದು ಅಂಕಿ ಎಂದು ಎರಡು ಬೇರೆ ಅಳತೆಯಲ್ಲಿ ಕಾಣುತ್ತಿದ್ದರೆ ಆತುರದ ಗಳಿಗೆಯಲ್ಲಿ ಯಾವುದನ್ನು ಓದಿದಿರೆಂದು ನಿಮಗೇ ತಿಳಿಯುವುದಿಲ್ಲ.

ಓಡೋಮೀಟರ್: ಮುಂದೆ ಕಾಡುವ ಲೆಕ್ಕ

ಚಿಪ್ ಹಾಕಿದ ದಿನದಿಂದ ಓಡೋಮೀಟರ್ ಮೈಲಿ ಎಣಿಸಲು ಶುರು ಮಾಡುತ್ತದೆ. ಆ ದಿನ ಅದರ ಮೇಲೆ 80,000 ಇತ್ತು ಎನ್ನಿ, ಅದು ಕಿಲೋಮೀಟರ್. ಮುಂದೆ 10,000 ಮೈಲಿ ಓಡಿಸಿದಿರಿ. ಈಗ 90,000 ಎಂದು ತೋರಿಸುತ್ತದೆ, ಅದು ಮೈಲಿಯೂ ಅಲ್ಲ, ಕಿಲೋಮೀಟರೂ ಅಲ್ಲ. ಗಾಡಿ ನಿಜವಾಗಿ ಓಡಿದ್ದು 96,000 ಕಿ.ಮೀ., ಎಂದರೆ ಸುಮಾರು 60,000 ಮೈಲಿ. ಪ್ರತಿ ಎಂಓಟಿಯಲ್ಲೂ ಓಡೋಮೀಟರ್ ಅಂಕಿಯನ್ನು, ಅದು ಮೈಲಿಯೋ ಕಿಲೋಮೀಟರೋ ಎಂಬುದರ ಸಹಿತ ದಾಖಲಿಸುತ್ತಾರೆ. ಆ ಇತಿಹಾಸವನ್ನು ಕೊಳ್ಳುವವರು ಆನ್‌ಲೈನ್‌ನಲ್ಲಿ ನೋಡಬಹುದು. ಅಂಕಿಗಳು ತಾಳೆಯಾಗದಿದ್ದರೆ ಮೊದಲು ಬರುವ ಅನುಮಾನ ಮೋಸದ್ದೇ.

ಇದಕ್ಕಿಂತ ಗಂಭೀರವಾದದ್ದು ಟೈಮಿಂಗ್ ಬೆಲ್ಟ್, ಎಂದರೆ ಎಂಜಿನ್ನಿನ ವಾಲ್ವ್‌ಗಳನ್ನು ಪಿಸ್ಟನ್ ಜೊತೆ ತಾಳ ತಪ್ಪದಂತೆ ನಡೆಸುವ ಪಟ್ಟಿ. ಬೆಲ್ಟ್ ಇರುವ ಜಪಾನಿ ಎಂಜಿನ್‌ಗಳಲ್ಲಿ ಅದನ್ನು ಬದಲಾಯಿಸಲು ಸಾಮಾನ್ಯವಾಗಿ ಹೇಳುವುದು 1 ಲಕ್ಷ ಕಿ.ಮೀ., ಎಂದರೆ 62,000 ಮೈಲಿ. ಇಲ್ಲಿನ ಗ್ಯಾರೇಜಿನವರು 1 ಲಕ್ಷವನ್ನು ಮೈಲಿ ಎಂದು ಓದಿಕೊಂಡರೆ ಬೆಲ್ಟ್ 61,000 ಕಿ.ಮೀ. ಹೆಚ್ಚು ದುಡಿಯುತ್ತದೆ. ಅದು ಮೋಟಾರ್‌ವೇಯಲ್ಲಿ ಹರಿದರೆ ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ ಹಾಳು. ಮುಖ ಮಾತ್ರ ಬದಲಾಯಿಸಿದ ಗಾಡಿಯಲ್ಲಿ ಜಪಾನಿನ ರಫ್ತು ಪ್ರಮಾಣಪತ್ರದ ಅಂಕಿಯಿಂದ ಇಂದಿನವರೆಗೂ ಒಂದೇ ಎಳೆ ಇರುತ್ತದೆ. ನಾನು ಆ ದಾರಿಯ ಪರವಾಗಿರಲು ಇದೂ ಒಂದು ಕಾರಣ.

ಇನ್ನೊಂದು ಸಣ್ಣ ಲಾಭ. ಇಲ್ಲಿ ಪೆಟ್ರೋಲ್ ಮಾರುವುದು ಲೀಟರಿನಲ್ಲಿ, ಕಾರುಗಳ ಹೋಲಿಕೆ ಮಾಡುವುದು ಗ್ಯಾಲನ್ನಿಗೆ ಎಷ್ಟು ಮೈಲಿ ಎಂದು, ಅದೂ 4.546 ಲೀಟರಿನ ಬ್ರಿಟಿಷ್ ಗ್ಯಾಲನ್. ಟ್ರಿಪ್ ಮೀಟರ್ ಕಿಲೋಮೀಟರ್‌ನಲ್ಲೇ ಇದ್ದರೆ ಊರಿನಲ್ಲಿ ಲೆಕ್ಕ ಹಾಕುತ್ತಿದ್ದ ಹಾಗೆಯೇ ಲೀಟರಿಗೆ ಎಷ್ಟು ಕೊಟ್ಟಿತೆಂದು ಬಂಕಿನಲ್ಲೇ ನಿಂತು ಹೇಳಬಹುದು.

ಬೇರೆ ದೇಶದಲ್ಲಿರುವವರಿಗೆ

ಡಬ್ಲಿನ್‌ನಲ್ಲಿರುವವರು ಜಪಾನ್ ಕಾರು ತಂದರೆ ಏನನ್ನೂ ಬದಲಾಯಿಸಬೇಕಿಲ್ಲ. ಐರ್ಲೆಂಡ್ 2005ರ ಜನವರಿ 20ರಿಂದ ಕಿಲೋಮೀಟರ್ ವೇಗಮಿತಿಗೆ ಬಂದಿದೆ, ಸಂಚಾರವೂ ಎಡಬದಿಯದೇ. ಅವರು ಎಚ್ಚರವಾಗಿರಬೇಕಾದದ್ದು ಬ್ರಿಟನ್ನಿನಿಂದ ತಂದ ಕಾರಿನ ವಿಷಯದಲ್ಲಿ, ಅಲ್ಲಿ ದೊಡ್ಡ ಅಂಕಿಗಳು ಮೈಲಿಯವು. ಬೆಲ್‌ಫಾಸ್ಟ್ ಕಡೆಯಿಂದ ಗಡಿ ದಾಟಿ ಡಬ್ಲಿನ್‌ಗೆ ಹೋಗುವವರಿಗೂ ಇದೇ ಮಾತು. ಕೆನಡಾದ ರಸ್ತೆಫಲಕಗಳು 1977ರಲ್ಲಿ ಕಿಲೋಮೀಟರಿಗೆ ಬದಲಾದವು. ಅಮೆರಿಕದ ಕಾರನ್ನು ಅಲ್ಲಿಗೆ ಒಯ್ದರೆ ತಪ್ಪು ವೇಗದ ಕಡೆಗೆ ಬೀಳುತ್ತದೆ, 100ರ ಫಲಕಕ್ಕೆ ಮುಳ್ಳು 100 ತೋರಿಸಿದರೆ ಗಂಟೆಗೆ 161 ಕಿ.ಮೀ. ಇಂಥ ಕಾರಿನಲ್ಲಿ ಮೆನು ಇದ್ದರೆ ಮೊದಲ ದಿನವೇ ಬದಲಾಯಿಸಿ. 25 ವರ್ಷ ದಾಟಿದ ಜಪಾನ್ ಗಾಡಿಯನ್ನು ಅಮೆರಿಕಕ್ಕೆ ತರಿಸುವವರಿಗೆ ಮೇಲೆ ಹೇಳಿದ ಬ್ರಿಟನ್ನಿನ ಹೋಲಿಕೆಯೇ ಸಾಕು, ಕಾನೂನು ಮಾತ್ರ ಬೇರೆ.

ಊರಿನಲ್ಲಿ ತಾತನ ಕಾಲದ ಆಸ್ಟಿನ್ ಅಥವಾ ಮಾರಿಸ್ ಇಟ್ಟುಕೊಂಡವರದು ತಿರುಗುಮುರುಗಾದ ಸಮಸ್ಯೆ. ಮೈಲಿ ಡಯಲ್, ಕಿಲೋಮೀಟರ್ ರಸ್ತೆ. ಅಲ್ಲಿ ಮುಖ ಬದಲಾಯಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಆ ಕಾರಿನ ಬೆಲೆಯೂ ಚೆಲುವೂ ಮೂಲ ಡಯಲ್‌ನಲ್ಲಿದೆ. ಒಳಗಿರುವುದು ಜರ್ಮನಿಯ ಒಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ವಿಧಾನ: ಕೇಬಲ್ ತಿರುಗಿಸುವ ಅಯಸ್ಕಾಂತ, ಅದರ ಸುತ್ತ ಮುಟ್ಟದೆ ನಿಂತ ಲೋಹದ ಬಟ್ಟಲು, ಬಟ್ಟಲನ್ನು ಹಿಂದಕ್ಕೆ ಎಳೆಯುವ ಕೂದಲಿನಂಥ ಸ್ಪ್ರಿಂಗ್. ಅನನುಭವಿ ಕೈ ಅದನ್ನು ಮುಟ್ಟಿದರೆ ಮತ್ತೆ ಸರಿಹೋಗುವುದು ಕಷ್ಟ. ಬೆಂಗಳೂರು–ಮೈಸೂರು ಹೆದ್ದಾರಿಯ 100ರ ಮಿತಿಗೆ 62 ಮೈಲಿ, ಹೇಗೂ ಆ ಕಾರುಗಳು ಅಲ್ಲಿಗೆ ಹೋಗುವುದಿಲ್ಲ. 50 ಕಿ.ಮೀ.ಗೆ 31, 40ಕ್ಕೆ 25, ಇವೆರಡನ್ನು ನೆನಪಿಟ್ಟುಕೊಂಡು, ಪಕ್ಕದಲ್ಲಿ ಜಿಪಿಎಸ್ ಇಟ್ಟುಕೊಂಡರೆ ಸಾಕು.

ಕೊಳ್ಳುವ ಮೊದಲು

ಗಾಡಿಗೆ ಆಗಲೇ ಚಿಪ್ ಬಿದ್ದಿದೆಯೇ ಎಂದು ಕಂಡುಹಿಡಿಯದೆ ದುಡ್ಡು ಕೊಡಬೇಡಿ. ಟೆಸ್ಟ್ ಡ್ರೈವ್‌ನಲ್ಲಿ ಪಕ್ಕದವರ ಫೋನ್ 30 ಮೈಲಿ ಎನ್ನುವಾಗ ಡಯಲ್ 48ರಿಂದ 52ರ ಆಸುಪಾಸಿನಲ್ಲಿದ್ದರೆ ಮೂಲ ಸ್ಥಿತಿಯಲ್ಲಿದೆ. 30–32 ತೋರಿಸಿದರೆ ಚಿಪ್ ಇದೆ. ಓಡೋಮೀಟರನ್ನು ಪರೀಕ್ಷಿಸಲು ಮೋಟಾರ್‌ವೇ ಸಿಕ್ಕರೆ ಇನ್ನೂ ಒಳ್ಳೆಯದು: ಮೈಲಿಯ ಈ ದೇಶದಲ್ಲೂ ಮೋಟಾರ್‌ವೇ ಪಕ್ಕದ ಪುಟ್ಟ ಗುರುತುಕಂಬಗಳನ್ನು 100 ಮೀಟರಿಗೊಂದರಂತೆ ನೆಟ್ಟಿದ್ದಾರೆ. ಹತ್ತು ಕಂಬಕ್ಕೆ ಒಂದು ಅಂಕಿ ಮುಂದಕ್ಕೆ ಹೋದರೆ ಕಿಲೋಮೀಟರ್, ಹದಿನಾರಕ್ಕೆ ಹೋದರೆ ಮೈಲಿ. ಎಣಿಸುವ ಕೆಲಸ ಪಕ್ಕದವರದು, ಓಡಿಸುವವರದಲ್ಲ.

ಚಿಪ್ ಇದ್ದರೆ ಅದನ್ನು ಯಾವ ತಾರೀಖು ಹಾಕಿದ್ದು, ಆಗ ಓಡೋಮೀಟರ್ ಎಷ್ಟಿತ್ತು ಎಂಬ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ರಫ್ತು ಪ್ರಮಾಣಪತ್ರದ ಅಂಕಿಗೂ ಮೊದಲ ಎಂಓಟಿಯ ಅಂಕಿಗೂ ನಡುವಿನ ವ್ಯತ್ಯಾಸ ನೋಡಿ ಅಂದಾಜು ಮಾಡಬೇಕಾಗುತ್ತದೆ. ಅಷ್ಟರಮಟ್ಟಿಗೆ ಬೆಲೆ ಇಳಿಸಲು ಕೇಳುವುದು ನ್ಯಾಯವೇ. ಗಾಡಿ ಕೊಂಡ ಮೇಲೆ ಆ ಚಿಪ್ ತೆಗೆಸಿ ಮುಖ ಬದಲಾಯಿಸುವ ಯೋಚನೆ ಇದ್ದರೆ ಆ ದಿನದ ಓಡೋಮೀಟರ್ ಫೋಟೋ ತೆಗೆದು ಸರ್ವೀಸ್ ಪುಸ್ತಕದಲ್ಲಿ ಅಂಟಿಸಿ, ಇನ್ಶೂರೆನ್ಸ್‌ನವರಿಗೂ ಒಂದು ಸಾಲು ಬರೆದು ತಿಳಿಸಿ.